ತೆರ ಎಲ್ಲಿಗೆ ಹೋಯಿತು?

ಮಾಸ್ತಿಯವರ ಹೆಸರನ್ನು ಕೇಳಿದೊಡನೆ ಕನ್ನಡಿಗರಿಗೆ 'ಸುಬ್ಬಣ್ಣ' ನೆನಪಾಗುತ್ತದೆ, 'ಚಿಕವೀರ ರಾಜೇಂದ್ರ' ನೆನಪಾಗುತ್ತದೆ. ಅದೇ ಮಾಸ್ತಿಯವರು ಮೈಸೂರು ಸಂಸ್ಥಾನದ 1931ರ ಜನಗಣತಿಯ ವರದಿಯನ್ನು ಬರೆದ ಅಧಿಕಾರಿಯೂ ಹೌದೆಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ತಿಳಿದಿರುವುದಿಲ್ಲ. ನನಗೂ ತಿಳಿದಿರಲಿಲ್ಲ. ಗ್ರಂಥಾಲಯವೊಂದರಲ್ಲಿ ಬೇರೇನನ್ನೋ ಹುಡುಕುತ್ತಿದ್ದಾಗ ಎಂ. ವೆಂಕಟೇಶ ಅಯ್ಯಂಗಾರ್ ಎಂಬ ಹೆಸರು ಹೊತ್ತ ಆ ದಪ್ಪ ಸಂಪುಟ ಕೈಗೆ ಬಂತು. ಕತೆಗಾರನೊಬ್ಬ ಅಂಕಿಗಳ ನಡುವೆ ಏನು ಮಾಡುತ್ತಿದ್ದಾನೆಂಬ ಕುತೂಹಲದಿಂದ ಪುಟ ತಿರುವಿದೆ. ನಾನು ಕನ್ನಡ ಎಂ.ಎ. ಮಾಡಿದವನು, ಲೆಕ್ಕ ನನ್ನ ವಿಷಯವಲ್ಲ. ಆದರೆ ಹಲವು ವರ್ಷಗಳಿಂದ ನನ್ನನ್ನು ಕಾಡುತ್ತಿದ್ದ ಒಂದು ಪ್ರಶ್ನೆಗೆ ಉತ್ತರದ ದಾರಿ ತೋರಿಸಿದ್ದು ಯಾವ ಕಾವ್ಯವೂ ಅಲ್ಲ, ಇಂಥ ಜನಗಣತಿಯ ಪಟ್ಟಿಗಳು.

ಪ್ರಶ್ನೆ ಹೀಗಿದೆ. ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಒಕ್ಕಲು ಮನೆತನ. 1927ರಲ್ಲಿ ನನ್ನ ತಾತ ಚಿಂತಾಮಣಿಯ ಕಡೆಯಿಂದ ಅಜ್ಜಿಯನ್ನು ತಂದಾಗ ಹೆಣ್ಣಿನ ತಂದೆಗೆ ಹನ್ನೆರಡು ರೂಪಾಯಿ ತೆರ ಕೊಟ್ಟರು. ಅಜ್ಜಿಯ ಮನೆಮಾತು ತೆಲುಗು. ಅವಳು ಅದನ್ನು ಓಲಿ ಎನ್ನುತ್ತಿದ್ದಳು. 1954ರಲ್ಲಿ ನನ್ನ ತಾಯಿ ಗೌರಿಬಿದನೂರಿನ ಕಡೆಯಿಂದ ಬಂದಾಗ ತೆರವೂ ಇರಲಿಲ್ಲ, ವರದಕ್ಷಿಣೆಯೂ ಇರಲಿಲ್ಲ. ಎರಡು ಕಡೆಯವರೂ ಖರ್ಚು ಹಂಚಿಕೊಂಡರು. 1984ರಲ್ಲಿ ನನ್ನ ತಂಗಿಯನ್ನು ಚಿಕ್ಕಬಳ್ಳಾಪುರದ ಸಮೀಪದ ಊರಿಗೆ, ಸ್ವಲ್ಪ ಜಮೀನೂ ಪ್ರಾಥಮಿಕ ಶಾಲೆಯ ಉಪಾಧ್ಯಾಯಗಿರಿಯೂ ಇದ್ದ ವರನಿಗೆ ಕೊಟ್ಟೆವು. ಆಗ ನಮ್ಮ ತಂದೆ ಕೆರೆಯ ಕೆಳಗಿನ ಮುಕ್ಕಾಲು ಎಕರೆ ಗದ್ದೆಯನ್ನು ಮಾರಿದರು. ಅರವತ್ತು ವರ್ಷಗಳೊಳಗೆ ಹಣ ಹರಿಯುವ ದಿಕ್ಕೇ ತಿರುಗಿಹೋಗಿತ್ತು. ಮೂರೂ ಮದುವೆಗಳ ವಿವರ ನಮ್ಮ ಮನೆಯ ಮುಯ್ಯಿ ಪುಸ್ತಕಗಳಲ್ಲಿದೆ. ತಾತ ಓದಿದ್ದು ಕೂಲಿಮಠದಲ್ಲಿ. ಆದರೆ ಯಾರು ಎಷ್ಟು ಮುಯ್ಯಿ ಮಾಡಿದರೆಂಬುದನ್ನು ಬರೆದಿಡದೆ ಮಲಗುತ್ತಿರಲಿಲ್ಲ.

ತೆರ ಎಂಬುದು ಒಳ್ಳೆಯ ಹಳೆಯ ಕನ್ನಡ ಮಾತು. ತೆರು ಎಂದರೆ ಸಲ್ಲಿಸು. ತೆರಿಗೆ, ತೆರ ಎರಡೂ ಅದರಿಂದಲೇ ಬಂದವು. ಎಚ್.ವಿ. ನಂಜುಂಡಯ್ಯನವರೂ ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರೂ ಸಿದ್ಧಪಡಿಸಿದ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳನ್ನು ನೋಡಿದರೆ, ತೆರ ಕೊಡುವ ಪದ್ಧತಿ ನಮ್ಮ ಎಷ್ಟೊಂದು ಸಮುದಾಯಗಳಲ್ಲಿ ಇತ್ತೆಂಬುದು ತಿಳಿಯುತ್ತದೆ. ಎಂ.ಎನ್. ಶ್ರೀನಿವಾಸರು 1942ರಲ್ಲಿ ಪ್ರಕಟಿಸಿದ ಮೈಸೂರಿನ ವಿವಾಹ ಮತ್ತು ಕುಟುಂಬವನ್ನು ಕುರಿತ ಗ್ರಂಥದಲ್ಲಿಯೂ ಅದರ ವಿವರಗಳಿವೆ. ಅಂದರೆ ಅದು ಎಲ್ಲಿಯೋ ಕಾಡಿನಂಚಿನಲ್ಲಿ ಉಳಿದಿದ್ದ ಆಚಾರವಲ್ಲ. ಬಯಲುಸೀಮೆಯ ಬಹುಜನರ ನಡಾವಳಿ.

ಹಾಗಾದರೆ ಅದು ಎಲ್ಲಿಗೆ ಹೋಯಿತು? ನಮ್ಮ ಸಭೆಗಳಲ್ಲಿ ಇದಕ್ಕೆ ಸಿದ್ಧವಾದ ಒಂದು ಉತ್ತರವಿದೆ: ಕಾಲ ಕೆಟ್ಟಿತು, ಜನ ದುರಾಸೆಗೆ ಬಿದ್ದರು. ನಾನೂ ಅನೇಕ ವರ್ಷ ತರಗತಿಗಳಲ್ಲಿ ಇದೇ ಮಾತನ್ನು ಹೇಳಿದವನು. ಆದರೆ ನನ್ನ ತಾತ ದುರಾಸೆಯಿಲ್ಲದವರಾಗಿದ್ದರೆಂದು ಹೇಳಲು ಅವರ ಲೆಕ್ಕದ ಪುಸ್ತಕ ನನಗೆ ಅವಕಾಶ ಕೊಡುವುದಿಲ್ಲ. ಒಂದು ಕಾಸು ಬಡ್ಡಿಯನ್ನೂ ಬಿಟ್ಟವರಲ್ಲ. ಅಂಥವರು 1927ರಲ್ಲಿ ಹೆಣ್ಣಿನವರಿಗೆ ತಾವೇ ಹಣ ಕೊಟ್ಟರೆಂದರೆ, ಕೊಡದೆ ವಿಧಿಯಿರಲಿಲ್ಲವೆಂದೇ ಅರ್ಥ.

ಮೊದಲು ಅರ್ಥಶಾಸ್ತ್ರಜ್ಞರ ಒಂದು ವಿವರಣೆಯನ್ನು ನೋಡೋಣ. ಡೆನ್ಮಾರ್ಕಿನ ಎಸ್ಟರ್ ಬೋಸರಪ್ 1970ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ, ಹೆಂಗಸರು ಹೊಲದಲ್ಲಿ ಹೆಚ್ಚು ದುಡಿಯುವ ಕಡೆ ವಧುವಿಗೆ ಹಣ ತೆರುತ್ತಾರೆ, ಅವರು ಹೊಲದಿಂದ ಹಿಂದೆ ಸರಿದ ಕಡೆ ವರದಕ್ಷಿಣೆ ಬರುತ್ತದೆ ಎಂದು ವಾದಿಸಿದರು. ಒಂದು ಜೊತೆ ಕೈಗಳನ್ನು ಕಳೆದುಕೊಳ್ಳುವ ಮನೆಗೆ ಪರಿಹಾರ ಬೇಕಲ್ಲವೆ? ನಮ್ಮ ನಾಡಿನಲ್ಲಿಯೇ ಇದಕ್ಕೆ ಸಾಕ್ಷಿ ಇದ್ದಂತೆ ತೋರುತ್ತದೆ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1954ರಿಂದ 1956ರವರೆಗೆ ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ವಾಸವಾಗಿದ್ದು ಅಧ್ಯಯನ ಮಾಡಿದರು. ಹಳ್ಳಿಗಳಿಗೆ ವಾಂಗಲ, ದಲೇನ ಎಂದು ಬದಲಿ ಹೆಸರು ಕೊಟ್ಟರು. ಒಂದಕ್ಕೆ ಕಾಲುವೆಯ ನೀರು ಬಂದಿತ್ತು, ಇನ್ನೊಂದು ಒಣಭೂಮಿಯಲ್ಲಿಯೇ ಉಳಿದಿತ್ತು. 1970ರಲ್ಲಿ ಅವರು ಮರಳಿ ಬಂದಾಗ ಒಕ್ಕಲಿಗರಲ್ಲಿ ತೆರದ ಜಾಗಕ್ಕೆ ವರದಕ್ಷಿಣೆ ಬಂದುದನ್ನು ಕಂಡರು. ಕಬ್ಬು, ಬೆಲ್ಲ, ಕೈಯಲ್ಲಿ ಕಾಸು. ಅನುಕೂಲಸ್ಥರ ಮನೆಯ ಹೆಂಗಸರು ಗದ್ದೆಗೆ ಇಳಿಯುವುದನ್ನು ಬಿಟ್ಟಿದ್ದರು.

ಮಂಡ್ಯಕ್ಕೆ ಈ ವಿವರಣೆ ಒಪ್ಪುತ್ತದೆ. ನಮ್ಮ ಸೀಮೆಗೆ ಒಪ್ಪುವುದಿಲ್ಲ. ನಂದಿಯ ಸುತ್ತಿನ ಬೆಟ್ಟಗಳಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಪಾಪಾಗ್ನಿ ಎಂದು ಇಷ್ಟೊಂದು ನದಿಗಳು ಹುಟ್ಟುತ್ತವೆ. ಹುಟ್ಟಿ, ನಮಗೆ ಹೆಸರನ್ನು ಬಿಟ್ಟು, ನೀರನ್ನು ಬೇರೆಯವರಿಗೆ ಒಯ್ಯುತ್ತವೆ. ಕಾಲುವೆಯಿಲ್ಲ. ಕೆರೆ, ಕಪಿಲೆ ಬಾವಿ, ಆಮೇಲೆ ಪಂಪ್‌ಸೆಟ್ಟು, ಈಗ ಸಾವಿರ ಅಡಿ ದಾಟಿದ ಕೊಳವೆಬಾವಿ, ಇದು ನಮ್ಮ ನೀರಾವರಿಯ ಚರಿತ್ರೆ. ಇಲ್ಲಿ ಒಕ್ಕಲನ್ನು ಎತ್ತಿ ಹಿಡಿದದ್ದು ರೇಷ್ಮೆ. ಟಿಪ್ಪುವಿನ ಕಾಲದಲ್ಲಿ ಮೈಸೂರಿನಲ್ಲಿ ಬೇರೂರಿದ ಈ ಕಸಬಿನಲ್ಲಿ ಗಂಡಸಿನ ಕೆಲಸ ಹಿಪ್ಪುನೇರಳೆ ತೋಟದಲ್ಲಿಯೂ ಗೂಡು ಮಾರುವ ಮಾರುಕಟ್ಟೆಯಲ್ಲಿಯೂ ಇದ್ದರೆ, ನಡುವಿನ ಸುಮಾರು ನಾಲ್ಕು ವಾರಗಳ ಕೆಲಸದ ಬಹುಪಾಲು ಮನೆಯ ಹೆಂಗಸಿನದು. ಚಾಕಿ ಹುಳುವಿಗೆ ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕುವುದು, ತಟ್ಟೆಗಳ ಕಸ ತೆಗೆಯುವುದು, ಹುಳು ಜ್ವರಕ್ಕೆ ಕೂತಾಗ ಸೊಪ್ಪು ನಿಲ್ಲಿಸಿ ಎದ್ದಾಗ ಮತ್ತೆ ಕೊಡುವುದು, ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವುದು. ನನ್ನ ತಾಯಿ ರಾತ್ರಿ ಸೊಪ್ಪು ಹಾಕಲು ಬುಡ್ಡಿ ಹಿಡಿದು ಏಳುತ್ತಿದ್ದುದನ್ನು ನಾನು ಕಂಡಿದ್ದೇನೆ. ಕೊನೆಯ ಹಂತದ ಹುಳುಗಳು ಸೊಪ್ಪು ಮೇಯುವ ಸದ್ದು ಹೊರಗೆ ಮಳೆ ಬೀಳುತ್ತಿರುವಂತೆ ಕೇಳುತ್ತಿತ್ತು.

ಅಂದರೆ ವರದಕ್ಷಿಣೆ ನಮ್ಮಲ್ಲಿಗೆ ಬಂದ ದಶಕಗಳಲ್ಲಿ ಹೆಂಗಸಿನ ದುಡಿಮೆ ಕಡಿಮೆಯಾಗಲಿಲ್ಲ. ಅವಳ ಕೈ ನಿಂತಿದ್ದರೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯೇ ಇರುತ್ತಿರಲಿಲ್ಲ. ದುಡಿಮೆಯೇ ಬೆಲೆಯನ್ನು ನಿರ್ಧರಿಸುವುದಾಗಿದ್ದರೆ ನಮ್ಮ ತಂಗಿಗೆ ತೆರ ಬರಬೇಕಾಗಿತ್ತು, ಗದ್ದೆ ಮಾರಬೇಕಾಗಿರಲಿಲ್ಲ.

ಇಲ್ಲಿಯೇ ಜನಗಣತಿಯ ಅಂಕಿಗಳು ಮಾತನಾಡತೊಡಗುತ್ತವೆ. 1871ರಲ್ಲಿ ಮೈಸೂರು ಸಂಸ್ಥಾನದಲ್ಲಿ 50.5 ಲಕ್ಷ ಜನರಿದ್ದರು. 1876ರಿಂದ 1878ರವರೆಗಿನ ಮಹಾಕ್ಷಾಮದ ಬಳಿಕ, 1881ರಲ್ಲಿ, ಉಳಿದವರು ಸುಮಾರು 41.9 ಲಕ್ಷ. 1901ರ ವೇಳೆಗೆ 55.4 ಲಕ್ಷಕ್ಕೆ ಏರಿದ ಸಂಖ್ಯೆ, 1921ರಲ್ಲಿ 59.8 ಲಕ್ಷ ಮಾತ್ರ; ಇಪ್ಪತ್ತು ವರ್ಷಗಳಲ್ಲಿ ನಾಲ್ಕೂವರೆ ಲಕ್ಷವೂ ಹೆಚ್ಚಲಿಲ್ಲ. 1898ರಲ್ಲಿ ಕಾಲಿಟ್ಟ ಪ್ಲೇಗು, 1918ರ ಇನ್‌ಫ್ಲುಯೆಂಜಾ, ಕಾಲರಾ, ಸಿಡುಬು ಹುಟ್ಟಿದವರನ್ನು ಹುಟ್ಟಿದಂತೆಯೇ ಒಯ್ಯುತ್ತಿದ್ದವು. 1921ರ ಅನಂತರ ಪುಟ ತಿರುಗುತ್ತದೆ. 1931ರಲ್ಲಿ, ಅಂದರೆ ಮಾಸ್ತಿಯವರು ಎಣಿಸಿದಾಗ, 65.6 ಲಕ್ಷ. 1941ರಲ್ಲಿ 73.3 ಲಕ್ಷ. 1951ರಲ್ಲಿ 90.7 ಲಕ್ಷ. ಹಿಂದಿನ ಇಪ್ಪತ್ತು ವರ್ಷಗಳಲ್ಲಿ ನಾಲ್ಕು ಲಕ್ಷಕ್ಕೆ ಏದುಸಿರು ಬಿಟ್ಟ ನಾಡು ಮುಂದಿನ ಮೂವತ್ತು ವರ್ಷಗಳಲ್ಲಿ ಸುಮಾರು 31 ಲಕ್ಷ ಬೆಳೆಯಿತು. ಮುಖ್ಯ ಕಾರಣ, ಮಕ್ಕಳು ಸಾಯುವುದು ಕಡಿಮೆಯಾಯಿತು.

ಇದಕ್ಕೂ ವರದಕ್ಷಿಣೆಗೂ ಏನು ಸಂಬಂಧ? ಸಂಬಂಧ ಇರುವುದು ವಧೂವರರ ವಯಸ್ಸಿನ ಅಂತರದಲ್ಲಿ. ನಮ್ಮಲ್ಲಿ ಗಂಡು ತನಗಿಂತ ಏಳೆಂಟು ವರ್ಷ ಚಿಕ್ಕವಳನ್ನು ಮದುವೆಯಾಗುತ್ತಿದ್ದ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವಲ್ಲಿ ಅಂತರ ಇನ್ನೂ ಹೆಚ್ಚು. ಜನಸಂಖ್ಯೆ ನಿಂತಲ್ಲೇ ನಿಂತಿರುವಾಗ ಇದರಿಂದ ಬಾಧಕವಿಲ್ಲ. ಎಂಟು ವರ್ಷ ಹಿಂದೆ ಹುಟ್ಟಿ ಬದುಕಿದ ಗಂಡುಮಕ್ಕಳೆಷ್ಟೋ, ಎಂಟು ವರ್ಷ ಬಳಿಕ ಹುಟ್ಟಿ ಬದುಕಿದ ಹೆಣ್ಣುಮಕ್ಕಳೂ ಹೆಚ್ಚುಕಡಿಮೆ ಅಷ್ಟೇ. ಆದರೆ ಬದುಕುಳಿಯುವ ಮಕ್ಕಳ ಸಂಖ್ಯೆ ವರ್ಷಕ್ಕೆ ನೂರಕ್ಕೆ ಎರಡರಂತೆ ಏರುತ್ತಿದೆಯೆಂದು ಇಟ್ಟುಕೊಳ್ಳಿ. ಎಂಟು ವರ್ಷಗಳಲ್ಲಿ ಆ ಏರಿಕೆ ನೂರಕ್ಕೆ ಹದಿನೇಳಾಗುತ್ತದೆ. ನೂರು ವರರ ಎದುರಿಗೆ 117 ವಧುಗಳು. ಇದು ಕೇವಲ ಕಾಗದದ ಲೆಕ್ಕ, ನಿಜ. ಆದರೆ ಆ ಹದಿನೇಳು ಹುಡುಗಿಯರ ತಂದೆಯರು ಕಾಗದದವರಲ್ಲ. ಹೆಣ್ಣನ್ನು ಮದುವೆ ಮಾಡದೆ ಇಟ್ಟುಕೊಂಡರೆ ಊರು ಏನೆನ್ನುತ್ತದೋ ಎಂಬ ಭಯದಲ್ಲಿ ಅವರು ಮೊದಲು ತೆರ ಬೇಡವೆಂದರು, ಬಳಿಕ ಖರ್ಚು ತಮ್ಮದೆಂದರು, ಆಮೇಲೆ ಕೈಗಡಿಯಾರ, ಆಮೇಲೆ ನಗದು. 1921ರ ಬಳಿಕ ಹುಟ್ಟಿದ ಗಂಡುಮಕ್ಕಳು ವರರಾಗುವುದು 1940ರ ದಶಕದ ಕೊನೆಯಲ್ಲಿ. 1954ರಲ್ಲಿ ನನ್ನ ತಾಯಿಯ ಮದುವೆಯಲ್ಲಿ ತಕ್ಕಡಿ ಸಮವಾಗಿ ನಿಂತಿದ್ದೇಕೆಂಬುದು ಈ ಲೆಕ್ಕವನ್ನು ಓದಿದ ಮೇಲೆಯೇ ನನಗೆ ಅರ್ಥವಾದದ್ದು.

ಇದಕ್ಕೆ ಇನ್ನೊಂದು ಎಳೆಯೂ ಸೇರಿದೆ. ಹಿಂದೆ ಹೆರಿಗೆಯಲ್ಲಿ ಸಾಯುವ ತಾಯಂದಿರು ಬಹಳ. ಹೆಂಡತಿ ಸತ್ತವನು ವರ್ಷ ತುಂಬುವುದರೊಳಗೆ ಇನ್ನೊಬ್ಬಳನ್ನು ತರುತ್ತಿದ್ದ, ಹಲವು ಸಲ ಅವಳ ತಂಗಿಯನ್ನೇ. ಒಬ್ಬ ಗಂಡಸಿನ ಲೆಕ್ಕಕ್ಕೆ ಇಬ್ಬರು ವಧುಗಳು ಸಂದುಹೋಗುತ್ತಿದ್ದರು. ಸೂಲಗಿತ್ತಿಯ ಜಾಗಕ್ಕೆ ದಾದಿ ಬಂದು, ಆಸ್ಪತ್ರೆ ಹತ್ತಿರವಾಗಿ, ತಾಯಂದಿರು ಬದುಕತೊಡಗಿದಂತೆ ಈ ಎರಡನೆಯ ಸಂಬಂಧದ ಗಿರಾಕಿಗಳು ಕಡಿಮೆಯಾದರು. ತಾಯಿ ಬದುಕಿದ್ದು, ಮಗು ಬದುಕಿದ್ದು, ಇವೆರಡಕ್ಕಿಂತ ಶುಭವಾದ ಸುದ್ದಿ ಒಂದು ನಾಡಿನ ಚರಿತ್ರೆಯಲ್ಲಿ ಇರಲಾರದು. ನಮ್ಮ ಗದ್ದೆ ಹೋದದ್ದು ಆ ಶುಭದ ದೆಸೆಯಿಂದಲೇ ಎಂದು ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು.

ಈ ಇಕ್ಕಟ್ಟನ್ನು ಕುರಿತು ವಿದ್ವಾಂಸರು ವಿಸ್ತಾರವಾಗಿ ಬರೆದಿದ್ದಾರೆ. ಆಸ್ಟ್ರೇಲಿಯದ ಜಾನ್ ಕಾಲ್ಡ್‌ವೆಲ್, ಪ್ಯಾಟ್ ಕಾಲ್ಡ್‌ವೆಲ್ ದಂಪತಿಗಳೂ ಬೆಂಗಳೂರಿನ ಪಿ.ಎಚ್. ರೆಡ್ಡಿಯವರೂ ಕರ್ನಾಟಕದ ಹಳ್ಳಿಗಳಲ್ಲಿ ಅಧ್ಯಯನ ನಡೆಸಿ 1983ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ವಿಜಯೇಂದ್ರ ರಾವ್ ಅವರು 1993ರಲ್ಲಿ, ದಕ್ಷಿಣ ಮತ್ತು ಪಶ್ಚಿಮ ಭಾರತದ ಹಳ್ಳಿಗಳ ಮಾಹಿತಿಯಿಂದ, ವಧುಗಳ ಸಂಖ್ಯೆ ಮಿಕ್ಕಂತೆ ವರದಕ್ಷಿಣೆ ಏರುತ್ತದೆಂದು ತೋರಿಸಿದರು. ಎಲ್ಲರೂ ಒಪ್ಪಿದರೆಂದಲ್ಲ. ಸಿವಾನ್ ಆಂಡರ್ಸನ್ ಎಂಬ ಅರ್ಥಶಾಸ್ತ್ರಜ್ಞೆ 2007ರಲ್ಲಿ ಎತ್ತಿದ ಆಕ್ಷೇಪ ತೂಕವುಳ್ಳದ್ದು: ವರ ಸಿಗದ ಹುಡುಗಿ ಸಂತೆಯಿಂದ ಮಾಯವಾಗುವುದಿಲ್ಲ, ಒಂದೆರಡು ವರ್ಷ ಕಾಯುತ್ತಾಳೆ, ಹಾಗೆ ಕಾದಾಗ ವಯಸ್ಸಿನ ಅಂತರ ಕುಗ್ಗಿ ಇಕ್ಕಟ್ಟು ತಾನೇ ಸಡಿಲವಾಗುತ್ತದೆ, ದಕ್ಷಿಣೆ ಏರುತ್ತಲೇ ಹೋಗಬೇಕಾಗಿಲ್ಲ. ನಿಜವೇ. ಕಾಯುವುದಂತೂ ನಡೆಯಿತು. ನನ್ನ ತಾಯಿಗೆ ಹದಿನೈದಕ್ಕೆ ಆದ ಮದುವೆ ತಂಗಿಗೆ ಇಪ್ಪತ್ತೆರಡಕ್ಕೆ ಆಯಿತು. ಹುಡುಗಿಯರ ವಿವಾಹದ ವಯಸ್ಸು ಏರಿದ ಯಶಸ್ಸನ್ನು ನಾವು ಕಾನೂನಿಗೂ ಶಾಲೆಗೂ ಒಪ್ಪಿಸುತ್ತೇವೆ; ವರದಕ್ಷಿಣೆಗೆ ಹಣ ಕೂಡಿಸುತ್ತಿದ್ದ ತಂದೆಯ ನಿದ್ದೆಗೆಟ್ಟ ರಾತ್ರಿಗಳಿಗೂ ಅದರಲ್ಲಿ ಪಾಲಿದೆ. ತಂಗಿ ಬಿ.ಎ. ಮುಗಿಸಿದ್ದು ವರ ಗೊತ್ತಾಗುವವರೆಗೆ ಸುಮ್ಮನೆ ಏಕಿರಬೇಕೆಂದು.

ಇದರ ತಿರುವುಮುರುವು ಚಿತ್ರವೊಂದು ನಮ್ಮ ನೆರೆಯ ತೆಲುಗು ಸಾಹಿತ್ಯದಲ್ಲಿದೆ. ಗುರಜಾಡ ಅಪ್ಪಾರಾವ್ ಅವರ 'ಕನ್ಯಾಶುಲ್ಕಂ' ನಾಟಕ ಮೊದಲು ರಂಗವೇರಿದ್ದು 1892ರಲ್ಲಿ. ಅದರ ಮುನ್ನುಡಿಯಲ್ಲಿ ಗುರಜಾಡರು ಒಂದು ಲೆಕ್ಕವನ್ನು ಕೊಡುತ್ತಾರೆ. ವಿಜಯನಗರಂ ಮಹಾರಾಜರು ವಿಶಾಖಪಟ್ಟಣ ಸೀಮೆಯ ಬ್ರಾಹ್ಮಣ ಕುಟುಂಬಗಳಲ್ಲಿ ಮೂರು ವರ್ಷಗಳಲ್ಲಿ ಶುಲ್ಕ ಪಡೆದು ನಡೆದ ಮದುವೆಗಳ ಪಟ್ಟಿ ಮಾಡಿಸಿದರು, 1,034 ಸಿಕ್ಕವು. ವಧುಗಳಲ್ಲಿ 99 ಮಂದಿಗೆ ಐದು ವರ್ಷ, 44 ಮಂದಿಗೆ ನಾಲ್ಕು, 36 ಮಂದಿಗೆ ಮೂರು, ಆರು ಮಂದಿಗೆ ಎರಡು, ಮೂವರಿಗೆ ಒಂದು. ಹೆಣ್ಣಿಗೆ ಹಣ ಬರುವಾಗ ತಂದೆಗೆ ಆತುರ. ಹೆಣ್ಣಿಗೆ ಹಣ ಕೊಡಬೇಕಾದಾಗ ತಂದೆಗೆ ತಡ. ತೆರದ ಕಾಲವೇ ಸುವರ್ಣಯುಗವೆಂದು ಹಂಬಲಿಸುವವರು ಈ ಪಟ್ಟಿಯನ್ನು ಒಮ್ಮೆ ನೋಡಬೇಕು. ನಮ್ಮ ಮೈಸೂರು ಸರ್ಕಾರವೂ 1894ರಲ್ಲಿ, ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು ತಡೆಯಲು ಶಾಸನ ಮಾಡಬೇಕಾಯಿತು.

ಆದರೆ ತಲೆಗಳ ಎಣಿಕೆಯೊಂದೇ ಸಾಲದು. ವರರು ಕಡಿಮೆಯಿದ್ದರೆ ಎಲ್ಲ ವರರ ಬೆಲೆಯೂ ಏರಬೇಕು. ಹಾಗಾಗಲಿಲ್ಲ. ಮೊದಲು ಏರಿದ್ದು ಸಂಬಳ ಬರುವವರ ಬೆಲೆ: ಮೇಷ್ಟರು, ಗುಮಾಸ್ತ, ಬಸ್ಸಿನ ಕಂಡಕ್ಟರು. ಶ್ರೀನಿವಾಸರು 1984ರಲ್ಲಿ ಪ್ರಕಟವಾದ ವರದಕ್ಷಿಣೆಯನ್ನು ಕುರಿತ ತಮ್ಮ ಉಪನ್ಯಾಸದಲ್ಲಿ ಇದನ್ನೇ ಎತ್ತಿ ಹೇಳಿದರು. ಇಂದಿನ ವರದಕ್ಷಿಣೆ ಶಾಸ್ತ್ರದಿಂದ ಬಂದದ್ದಲ್ಲ; ನಗದು, ಇಂಗ್ಲಿಷ್ ವಿದ್ಯೆ, ಸಂಬಳದ ನೌಕರಿ ಇವುಗಳ ಬೆನ್ನಿಗೆ ಬಂದದ್ದು. ಮಳೆಯನ್ನು ನಂಬಿದ ಸೀಮೆಯಲ್ಲಿ ತಿಂಗಳ ಮೊದಲ ತಾರೀಕು ಎಂಬುದು ಎಂದೂ ಬತ್ತದ ಬಾವಿ. ಬಾವಿಯಿದ್ದ ಜಮೀನಿಗೆ ಜನ ಹೆಚ್ಚು ಕೊಡುವುದಿಲ್ಲವೆ? ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಮುಸಲ್ಮಾನ ಕುಟುಂಬಗಳಲ್ಲಿಯೂ ಹೀಗೆಯೇ ಆಯಿತು. ಧರ್ಮದ ಪ್ರಕಾರ ಮೆಹರ್ ಕೊಡಬೇಕಾದವನು ವರ. ಲೋಕರೂಢಿಯಲ್ಲಿ ಜೋಡಾದ ಹಣ ಪಡೆಯುವವನೂ ವರನೇ ಆದ. ಎರಡು ಧರ್ಮಗಳ ಶಾಸ್ತ್ರಗಳನ್ನೂ ಒಂದೇ ಮಾರುಕಟ್ಟೆ ಮೀರಿಸಿತು.

ಈ ಘಟ್ಟದಲ್ಲಿ ನನ್ನ ಮಾತನ್ನೂ ಹೇಳಬೇಕು. 1982ರಲ್ಲಿ ನಾನು ಅಧ್ಯಾಪಕನಾದೆ. 1986ರಲ್ಲಿ ಮದುವೆಯಾದೆ. ವರದಕ್ಷಿಣೆ ನಿಷೇಧ ಕಾಯಿದೆ ಬಂದು ಆಗಲೇ 25 ವರ್ಷ. ಮಾವನವರು ಕೊಟ್ಟರು, ನಾನು ಬೇಡವೆನ್ನಲಿಲ್ಲ. ತಂದೆಯವರು ಆ ಹಣವನ್ನು ತಂಗಿಯ ಮದುವೆಯಲ್ಲಿ ಉಳಿದಿದ್ದ ಸಾಲಕ್ಕೆ ಜಮಾ ಮಾಡಿದರು. ಮುಯ್ಯಿ ಪುಸ್ತಕದ ಎದುರುಬದುರು ಪುಟಗಳಲ್ಲಿ ಆ ಎರಡೂ ಮೊಬಲಗುಗಳು ಇವೆ. ನನ್ನ ಮಾವನವರು ಅದನ್ನು ಎಲ್ಲಿಂದ ತಂದರೆಂದು ನಾನು ಕೇಳಲಿಲ್ಲ. ಬಹುಶಃ ಅವರ ಮಗನ ಮದುವೆಯಿಂದ. ಹೀಗೆ ಒಂದೇ ಹಣ ಮನೆಯಿಂದ ಮನೆಗೆ ಸುತ್ತುತ್ತಿತ್ತು. ತಾನೇ ಮೊದಲು ನಿಲ್ಲಿಸುವ ಧೈರ್ಯ ಯಾರಿಗೂ ಇರಲಿಲ್ಲ. ಲೆಕ್ಕ ಕಲಿತ ಮೇಲೆ ನನಗೆ ಕಾರಣ ಗೊತ್ತಾಯಿತು. ಆ ವರ್ಷ ತರಗತಿಯಲ್ಲಿ ವರದಕ್ಷಿಣೆಯನ್ನು ಖಂಡಿಸಿ ಪಾಠ ಹೇಳುತ್ತಿದ್ದೆನೆಂಬುದು ಅದರಿಂದ ಅಳಿಸಿಹೋಗುವುದಿಲ್ಲ.

ಈಗ ಪುಟ ಮತ್ತೆ ತಿರುಗಿದೆ. ಕರ್ನಾಟಕದ ಜನಸಂಖ್ಯೆ 1971ರಿಂದ 1981ರವರೆಗೆ ನೂರಕ್ಕೆ 26.7ರಷ್ಟು ಬೆಳೆದಿತ್ತು, 2001ರಿಂದ 2011ರವರೆಗೆ 15.6ರಷ್ಟು ಮಾತ್ರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ರಾಜ್ಯದಲ್ಲಿ ಒಬ್ಬ ತಾಯಿಗೆ ಸರಾಸರಿ 1.7 ಮಕ್ಕಳು. ಪ್ರತಿವರ್ಷ ಹುಟ್ಟುವವರು ಕಡಿಮೆಯಾಗುತ್ತ ಬಂದಾಗ ಹಳೆಯ ಲೆಕ್ಕವೇ ತಲೆಕೆಳಗಾಗುತ್ತದೆ: ದೊಡ್ಡ ತಲೆಮಾರಿನ ಗಂಡಸರು ಚಿಕ್ಕ ತಲೆಮಾರಿನಲ್ಲಿ ವಧುಗಳನ್ನು ಹುಡುಕಬೇಕು. ಇದರ ಮೇಲೆ ನಮ್ಮ ಪಾಪವೂ ಸೇರಿದೆ. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 960 ಹೆಣ್ಣುಮಕ್ಕಳಿದ್ದರೆ 2001ರಲ್ಲಿ 946. ವರದಕ್ಷಿಣೆಗೆ ಹೆದರಿ ಹೆಣ್ಣು ಬೇಡವೆಂದವರು ಇಂದಿನ ವರರ ಊರುಗಳವರೇ.

2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ ಪತ್ರಿಕೆಗಳು ಅದನ್ನು ವಿನೋದವೆಂಬಂತೆ ಬರೆದವು. ಅದೇ ಏಪ್ರಿಲ್‌ನಲ್ಲಿ, ಚುನಾವಣೆಯ ಪ್ರಚಾರಕ್ಕೆ ಕೋಲಾರಕ್ಕೆ ಬಂದಿದ್ದ ಎಚ್.ಡಿ. ಕುಮಾರಸ್ವಾಮಿಯವರು ರೈತರ ಮಕ್ಕಳನ್ನು ವರಿಸುವ ಹೆಣ್ಣುಮಕ್ಕಳಿಗೆ 2 ಲಕ್ಷ ರೂಪಾಯಿ ಕೊಡುವ ಮಾತನ್ನಾಡಿದರು. ನಂಜುಂಡಯ್ಯನವರು ಬದುಕಿದ್ದರೆ ಸರ್ಕಾರವೇ ತೆರ ಕೊಡುವ ಪದ್ಧತಿಯೆಂದು ಹೊಸ ಅಧ್ಯಾಯವನ್ನು ಸೇರಿಸುತ್ತಿದ್ದರೋ ಏನೋ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತವನಿಗೆ ದಕ್ಷಿಣೆ ಈಗಲೂ ತಪ್ಪಿಲ್ಲ. ಹಿಪ್ಪುನೇರಳೆ ತೋಟದಲ್ಲಿ ನಿಂತವನಿಗೆ ಹೆಣ್ಣೇ ಇಲ್ಲ. ರಾತ್ರಿ ಬುಡ್ಡಿ ಹಿಡಿದು ಏಳುತ್ತಿದ್ದ ತಾಯಂದಿರೇ ತಮ್ಮ ಹೆಣ್ಣುಮಕ್ಕಳಿಗೆ, ಹುಳು ಸಾಕುವ ಮನೆ ಬೇಡ ಎಂದು ಹೇಳಿಕೊಟ್ಟಿದ್ದಾರೆ. ದುಡಿಮೆಯ ಲೆಕ್ಕ ಇಷ್ಟು ತಡವಾಗಿ, ಹೀಗೆ ಚುಕ್ತವಾಗುತ್ತಿದೆ.

ತಂಗಿಯ ಮಗನಿಗೆ ಈಗ ಮೂವತ್ತೆಂಟು. ಬಿ.ಕಾಂ. ಓದಿ, ನೌಕರಿ ಸಿಗದೆ ಜಮೀನಿಗೆ ಮರಳಿದವನು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಅವನ ಗೂಡಿಗೆ ಒಳ್ಳೆಯ ಹೆಸರಿದೆ. ಹಳೆಯ ರೂಢಿಯಂತೆ ನನ್ನ ಮಗಳ ಮೇಲೆ ಅವನಿಗೆ ಹಕ್ಕಿತ್ತು. ಅವನು ಕೇಳಲಿಲ್ಲ, ನಾವೂ ಎತ್ತಲಿಲ್ಲ. ಅವಳು ಬೆಂಗಳೂರಿನಲ್ಲಿ ತನಗೆ ಸರಿಕಂಡವನನ್ನು ಮದುವೆಯಾದಳು. ಕಳೆದ ವರ್ಷ ತಂಗಿ ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲು ಪ್ರತಿಷ್ಠೆ ಮಾಡಿಸಿ ಬಂದಳು. ಅಲ್ಲಿ ಸಾಲುಸಾಲಾಗಿ ನಿಂತ ನಾಗರಕಲ್ಲುಗಳು ಸಂತಾನಕ್ಕಾಗಿ ಹರಸಿಕೊಂಡವರವೆಂದು ನಾವು ಕೇಳಿಕೊಂಡು ಬಂದದ್ದು. ಅಂದು ಅವಳ ಜೊತೆ ಸಾಲಿನಲ್ಲಿದ್ದ ಮೂವರು ತಾಯಂದಿರೂ ಮಗನ ಮದುವೆಗೆಂದೇ ಬಂದಿದ್ದರಂತೆ.

ಮೊನ್ನೆ ಅವಳು ಫೋನು ಮಾಡಿದ್ದಳು. ದಲ್ಲಾಳಿಯೊಬ್ಬ ದೂರದ ಜಿಲ್ಲೆಯಿಂದ ಒಂದು ಸಂಬಂಧ ತಂದಿದ್ದಾನೆ. ಮದುವೆಯ ಖರ್ಚೆಲ್ಲ ಗಂಡಿನವರದು. ಅದರ ಮೇಲೆ ಹೆಣ್ಣಿನ ತಂದೆಯ ಕೈಗೆ ಒಂದು ಮೊಬಲಗು. "ಇದು ಕೊಂಡುಕೊಂಡ ಹಾಗೆ ಆಗಲ್ವಾ ಅಣ್ಣ?" ಎಂದಳು. ಅಜ್ಜಿಯ ಹನ್ನೆರಡು ರೂಪಾಯಿಯನ್ನು ನೆನಪಿಸಿದೆ. "ಅದು ಬೇರೆ ಕಾಲ" ಎಂದಳು. ಅಳಿಯನಿಗೆ ಫೋನು ಕೊಡು, ಅವನನ್ನೇ ಕೇಳೋಣ ಎಂದೆ.

"ಹುಳು ನಾಲ್ಕನೇ ಜ್ವರಕ್ಕೆ ಕೂತಿದೆ ಮಾವ. ಎದ್ದ ಮೇಲೆ ಮಾತಾಡ್ತೀನಿ" ಎಂದ.